ಕರಡು ತೋರಿಸುವ ಹೊತ್ತು

ಬೆಂಗಳೂರಿನ ಕಡೆಯಿಂದ ಬಂದ ರೈಲು ಕಡೂರು ದಾಟಿ ಬೀರೂರು ಜಂಕ್ಷನ್ನಿಗೆ ಬಂದರೆ ಅಲ್ಲಿಂದ ಮುಂದೆ ದಾರಿ ಎರಡಾಗುತ್ತದೆ. ಒಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಗೆ, ಇನ್ನೊಂದು ತರೀಕೆರೆ, ಭದ್ರಾವತಿಗಳ ಮೇಲೆ ಶಿವಮೊಗ್ಗಕ್ಕೆ. ತೆಂಗು, ಅಡಿಕೆಗೆ ಹೆಸರಾದ ಈ ಸೀಮೆ ಬರಹಕ್ಕೂ ಹೆಸರಾದದ್ದೇ. ಜೈಮಿನಿ ಭಾರತದ ಕವಿ ಲಕ್ಷ್ಮೀಶನ ಊರೆಂದು ಪ್ರಸಿದ್ಧವಾದ ದೇವನೂರು ಇರುವುದು ಕಡೂರು ತಾಲ್ಲೂಕಿನಲ್ಲಿ. ‘ಆನಂದ’ ಎಂಬ ಹೆಸರಿನಲ್ಲಿ ಕತೆ ಬರೆದವರು ಅಜ್ಜಂಪುರ ಸೀತಾರಾಂ. ಕರ್ನಾಟಕದ ಸೂಫಿಗಳ, ನಾಥರ, ಶಾಕ್ತರ ಜಾಡು ಹಿಡಿದು ಊರೂರು ಸುತ್ತಿದ ರಹಮತ್ ತರೀಕೆರೆಯವರ ಹೆಸರಿನಲ್ಲೇ ಅವರ ಊರಿದೆ. ತರೀಕೆರೆ ಹತ್ತಿರದ ಅಮೃತಾಪುರದ ಶಾಸನವನ್ನು ರಚಿಸಿದವನು ಹೊಯ್ಸಳರ ಕಾಲದ ಮಹಾಕವಿ ಜನ್ನ.

ಈ ಊರುಗಳಲ್ಲಿ ಇವತ್ತಿಗೂ ಬರೆಯುವವರಿಗೆ ಕೊರತೆಯಿಲ್ಲ. ಶಾಲೆಯ ಮೇಷ್ಟ್ರು, ಬ್ಯಾಂಕಿನ ನೌಕರರು, ತೋಟ ನೋಡಿಕೊಳ್ಳುವವರು, ಕಾಲೇಜಿನ ಹುಡುಗಿಯರು ದೀಪಾವಳಿ ವಿಶೇಷಾಂಕದ ಸ್ಪರ್ಧೆಗೆಂದೋ ತಮ್ಮ ಸಂತೋಷಕ್ಕೆಂದೋ ಕತೆ, ಪ್ರಬಂಧ ಬರೆಯುತ್ತಾರೆ. ಬರೆದ ಮೇಲೆ ಎಲ್ಲರಿಗೂ ಎದುರಾಗುವ ತೊಡಕು ಒಂದೇ. ಇದನ್ನು ಯಾರಿಗಾದರೂ ತೋರಿಸಬೇಕು. ಆದರೆ ಯಾವಾಗ? ಅರ್ಧ ಬರೆದಾಗಲೇ ತೋರಿಸಿದರೆ ಹುರುಪು ಇಳಿದುಹೋಗುವ ಭಯ. ಪೂರ್ತಿ ಮುಗಿಸಿ ತೋರಿಸಿದರೆ ತಿದ್ದಲು ಮನಸ್ಸೂ ಇರುವುದಿಲ್ಲ, ಹೊತ್ತೂ ಇರುವುದಿಲ್ಲ.

ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥವೇ ಈ ವಿಷಯವನ್ನು ಎತ್ತಿಕೊಂಡಿದೆ. ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ದಲ್ಲಿ ಒಂದು ಪದ್ಯವಿದೆ. ಕಣ್ಣು ತನಗೆ ಹಚ್ಚಿದ ಕಾಡಿಗೆಯನ್ನು ತಾನೇ ಕಾಣಲಾರದು, ಹಾಗೆಯೇ ಕವಿಗೆ ತನ್ನ ದೋಷ ಕಾಣದು, ಆದಕಾರಣ ಕಾವ್ಯವನ್ನು ಬೇರೆಯವರಿಂದ ಆದರದಿಂದ ಪರಿಶೀಲಿಸಿಕೊಳ್ಳಬೇಕು ಎನ್ನುವುದು ಅದರ ತಾತ್ಪರ್ಯ. ಬರೆದವನು ದಡ್ಡ ಎಂದಾಗಲಿ, ಓದುವವನು ದೊಡ್ಡವನು ಎಂದಾಗಲಿ ಇಲ್ಲಿ ಹೇಳಿಲ್ಲ. ಕಣ್ಣು ಚೆನ್ನಾಗಿಯೇ ಇದೆ, ಕಾಡಿಗೆ ಇರುವ ಜಾಗ ಮಾತ್ರ ಅದಕ್ಕೆ ಕಾಣದ ಜಾಗ. ಬರಹ ತೋರಿಸಲು ಅಂಜುವವರಿಗೆ ಇದಕ್ಕಿಂತ ಗೌರವದ ಸಮಾಧಾನ ಬೇರೆ ಸಿಗಲಾರದು.

ಇನ್ನೊಂದು ತುದಿಯಲ್ಲಿ ಗದುಗಿನ ಕುಮಾರವ್ಯಾಸ ನಿಂತಿದ್ದಾನೆ. ತಾನು ಹಲಗೆ, ಬಳಪ ಹಿಡಿದವನಲ್ಲ, ಒಮ್ಮೆ ಇಟ್ಟ ಪದವನ್ನು ಅಳಿಸಿದವನಲ್ಲ ಎಂದು ತನ್ನ ಭಾರತದ ಪೀಠಿಕೆಯಲ್ಲಿ ಅಗ್ಗಳಿಕೆಯಿಂದ ಹೇಳಿಕೊಂಡ. ಅವನ ಹೆಮ್ಮೆ ಏನೇ ಇರಲಿ, ಆ ಮಾತು ಉಳಿದ ಕವಿಗಳ ಪದ್ಧತಿಯನ್ನು ನಮಗೆ ತಿಳಿಸಿಕೊಡುತ್ತದೆ. ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆದದ್ದನ್ನು ಒರೆಸಿ ಹಾಕುವಂತಿಲ್ಲ. ಆದ್ದರಿಂದ ಮೊದಲು ಹಲಗೆಯ ಮೇಲೆ ಬಳಪದಲ್ಲಿ ಬರೆದು, ಅಳಿಸಿ, ತಿದ್ದಿ, ಆಮೇಲೆ ಗರಿಗೆ ಏರಿಸುತ್ತಿದ್ದರು. ಹಲಗೆಯ ಮೇಲಿನ ಬರಹಕ್ಕೂ ಗರಿಯ ಮೇಲಿನ ಬರಹಕ್ಕೂ ನಡುವೆ ಇರುವ ಆ ಅವಧಿಯೇ ಬೇರೆಯವರ ಮಾತು ಕೇಳಬೇಕಾದ ಕಾಲ. ಅದನ್ನು ಕಳೆದುಕೊಂಡವರಿಗೆ ಏನಾಗುತ್ತದೆ ಎನ್ನುವುದಕ್ಕೆ ರಾಘವಾಂಕನ ಐತಿಹ್ಯವಿದೆ.

ರಾಘವಾಂಕ ಹರಿಶ್ಚಂದ್ರ ಕಾವ್ಯವನ್ನು ಪೂರ್ತಿ ಬರೆದು, ಹಂಪೆಯ ದೇವರಾಜನ ಆಸ್ಥಾನದಲ್ಲಿ ಓದಿ, ಮೆಚ್ಚುಗೆ ಪಡೆದು ಬಂದ. ಗುರುವೂ ಸೋದರಮಾವನೂ ಆದ ಹರಿಹರನಿಗೆ ಅದು ಗೊತ್ತಾದದ್ದು ಆಮೇಲೆ. ಶಿವಭಕ್ತರನ್ನು ಬಿಟ್ಟು ಮನುಷ್ಯನೊಬ್ಬನನ್ನು ಹೊಗಳಿದೆಯಾ ಎಂದು ಹರಿಹರ ಸಿಟ್ಟಾಗಿ ಹೊಡೆದಾಗ ಶಿಷ್ಯನ ಐದು ಹಲ್ಲು ಉದುರಿದವಂತೆ. ಐದು ಶೈವಕಾವ್ಯ ಬರೆದ ಮೇಲೆ ಒಂದೊಂದಾಗಿ ಮತ್ತೆ ಬಂದವಂತೆ. ಕತೆ ನಿಜವೋ ಸುಳ್ಳೋ, ಅದರೊಳಗಿನ ಸಂಕಟ ನಿಜವಾದದ್ದು. ಯಾರ ಮಾತಿಗೆ ಅತಿ ಹೆಚ್ಚು ಬೆಲೆಯೋ ಅವರಿಗೆ ಕಾವ್ಯ ಎಲ್ಲರಿಗಿಂತ ಕೊನೆಗೆ ಮುಟ್ಟಿತು. ಆದರೂ ಮೊದಲೇ ತೋರಿಸಿದ್ದರೆ ಹರಿಶ್ಚಂದ್ರ ಕಾವ್ಯ ನಮಗೆ ಸಿಗುತ್ತಿತ್ತೇ ಎಂದು ಕೇಳಿಕೊಂಡರೆ ಉತ್ತರ ಸುಲಭವಲ್ಲ. ಗುರು ಬೇಡವೆಂದಿದ್ದರೆ ಶಿಷ್ಯ ಬರೆಯದೆಯೇ ಇರಬಹುದಿತ್ತು. ಬೇಗ ತೋರಿಸುವುದರಲ್ಲೂ ಹೀಗೊಂದು ಅಪಾಯವಿದೆ.

ಅಮೆರಿಕದ ಜನಪ್ರಿಯ ಕಾದಂಬರಿಕಾರ ಸ್ಟೀಫನ್ ಕಿಂಗ್ 2000ದಲ್ಲಿ ಪ್ರಕಟವಾದ ‘ಆನ್ ರೈಟಿಂಗ್’ ಪುಸ್ತಕದಲ್ಲಿ ಈ ಅಪಾಯಕ್ಕೆ ತಮ್ಮ ಪರಿಹಾರವನ್ನು ಹೇಳಿದ್ದಾರೆ. ಮೊದಲ ಕರಡನ್ನು ಬಾಗಿಲು ಮುಚ್ಚಿಕೊಂಡು ಬರೆಯಬೇಕು, ಯಾರಿಗೂ ತೋರಿಸಬಾರದು. ಮುಗಿದ ಮೇಲೆ ಕನಿಷ್ಠ ಆರು ವಾರ ಹಸ್ತಪ್ರತಿಯನ್ನು ಮುಟ್ಟಬಾರದು. ಆಮೇಲೆ ತಾನೇ ಓದಿ ತಿದ್ದಿ, ಆಗ ಬಾಗಿಲು ತೆರೆಯಬೇಕು. ರೋಮಿನ ಕವಿ ಹೊರೇಸ್ ಇನ್ನೂ ಬಿಗಿಯಾಗಿದ್ದ. ಬರೆದದ್ದನ್ನು ಬಲ್ಲವರ ಕಿವಿಗೆ ಹಾಕು, ಒಂಬತ್ತು ವರ್ಷ ಹೊರಗೆ ಬಿಡದೆ ಇಟ್ಟುಕೋ ಎಂದು ಎರಡು ಸಾವಿರ ವರ್ಷಗಳ ಹಿಂದೆಯೇ ಹೇಳಿದ. ವಿಶೇಷಾಂಕದ ಗಡುವು ನೋಡಿಕೊಂಡು ಬರೆಯುವವರಿಗೆ ಒಂಬತ್ತು ವರ್ಷ ಎಲ್ಲಿಂದ ಬರಬೇಕು? ಆದರೆ ಕತೆ ಮುಗಿಸಿದ ರಾತ್ರಿಯೇ ಗೆಳೆಯನ ವಾಟ್ಸ್ಆ್ಯಪ್‌ಗೆ ಕಳಿಸಿ ನೀಲಿ ಗೆರೆಗಾಗಿ ಕಾಯುವ ಚಟವನ್ನು ಬಿಡಬಹುದು. ಆ ಹೊತ್ತಿನಲ್ಲಿ ಬರೆದವರಿಗೆ ಬೇಕಾಗಿರುವುದು ಅಭಿಪ್ರಾಯವಲ್ಲ, ಬೆನ್ನು ತಟ್ಟುವ ಕೈ. ಎರಡನ್ನೂ ಒಂದೇ ಎಂದುಕೊಂಡಾಗ ಬರೆದವರಿಗೂ ನೋವು, ಓದಿದವರಿಗೂ ಮುಜುಗರ.

ಮೊದಲ ಕರಡು ಮುಗಿಯುವ ಮುನ್ನವೇ ಕೇಳಬೇಕಾದ ಮಾತುಗಳೂ ಇವೆ. ಹಿಡಿದ ದಿಕ್ಕು ಸರಿಯೇ ಎನ್ನುವುದು ಅಂಥದ್ದು. 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಕವಿತೆಗಳ ಪುಸ್ತಕ ಪ್ರಕಟಿಸಿದ್ದ ತರುಣ ಪುಟ್ಟಪ್ಪನವರು 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತಮ್ಮ ಇಂಗ್ಲಿಷ್ ಪದ್ಯಗಳನ್ನು ತೋರಿಸಿದರು. ಕಸಿನ್ಸ್ ಪದ್ಯದ ಸಾಲು ತಿದ್ದಲು ಕೂರಲಿಲ್ಲ. ನಿಮ್ಮ ಭಾಷೆಯಲ್ಲಿ ಏನು ಬರೆದಿದ್ದೀರಿ ಎಂದು ವಿಚಾರಿಸಿದರು, ಅದರಲ್ಲೇ ಬರೆಯಿರಿ ಎಂದರು. ಪುಟ್ಟಪ್ಪನವರು ಕುವೆಂಪು ಎಂಬ ಕನ್ನಡದ ಕವಿಯಾದ ದಾರಿಯಲ್ಲಿ ಆ ಭೇಟಿಗೆ ದೊಡ್ಡ ಜಾಗವಿದೆ. ಹತ್ತು ಪುಸ್ತಕ ಇಂಗ್ಲಿಷಿನಲ್ಲಿ ಬಂದ ಮೇಲೆ ಅದೇ ಮಾತು ಕೇಳಿದ್ದರೆ ಅಷ್ಟು ಕೆಲಸ ಮಾಡುತ್ತಿರಲಿಲ್ಲ.

ಅದೇ ಕುವೆಂಪು ಅವರ ಬದುಕಿನಲ್ಲಿ ಕಾಯುವುದರ ಬೆಲೆ ಎಷ್ಟೆನ್ನುವುದಕ್ಕೂ ಒಂದು ನೋವಿನ ಉದಾಹರಣೆಯಿದೆ. ‘ಶ್ರೀ ರಾಮಾಯಣ ದರ್ಶನಂ’ 1936ರಲ್ಲಿ ಶುರುವಾಗಿ 1946ರಲ್ಲಿ ಮುಗಿಯಿತು. ಅವರು ಯಾರ ಓದಿಗಾಗಿ ಹಂಬಲಿಸುತ್ತಿದ್ದರೋ ಆ ಗುರು ಟಿ.ಎಸ್. ವೆಂಕಣ್ಣಯ್ಯನವರು 1939ರಲ್ಲೇ ತೀರಿಕೊಂಡಿದ್ದರು. ಮುಗಿದ ಕಾವ್ಯವನ್ನು ಅವರಿಗೆ ಅರ್ಪಿಸುವುದಷ್ಟೇ ಉಳಿಯಿತು. ಆ ಅರ್ಪಣೆಯ ಪದ್ಯವನ್ನು ಓದಿದ ಯಾರೂ ಒಳ್ಳೆಯ ಓದುಗ ಯಾವಾಗಲೂ ಸಿಗುತ್ತಾನೆಂದು ನಿಶ್ಚಿಂತೆಯಿಂದ ಇರಲಾರರು.

ಬೇಗ ಕೇಳಲೇಬೇಕಾದ ಇನ್ನೊಂದು ಸಂಗತಿ, ವಿವರ. ಬೀರೂರಿನ ರೈಲು ನಿಲ್ದಾಣದ ಪಾಯಿಂಟ್ಸ್‌ಮನ್ ಒಬ್ಬನ ಸುತ್ತ ಒಬ್ಬರು ಕತೆ ಹೆಣೆಯುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ರಾತ್ರಿ ಪಾಳಿಯಲ್ಲಿ ಅವನು ನಿಜವಾಗಿ ಏನು ಮಾಡುತ್ತಾನೆ, ಯಾರ ಆದೇಶಕ್ಕೆ ಕಾಯುತ್ತಾನೆ ಎನ್ನುವುದು ಕತೆಯ ತಿರುವನ್ನೇ ಹಿಡಿದುಕೊಂಡಿರುತ್ತದೆ. ನಾಲ್ಕನೇ ಕರಡಿನಲ್ಲಿ ನಿವೃತ್ತ ರೈಲ್ವೆ ನೌಕರರೊಬ್ಬರು ಓದಿ, ‘ಹಿಂಗೆಲ್ಲ ಆಗಲ್ಲ ಸ್ವಾಮಿ, ಆ ಕೆಲಸ ಸ್ಟೇಷನ್ ಮಾಸ್ಟರ್‌ದು’ ಎಂದರೆ ಇಡೀ ಕತೆ ಕುಸಿಯುತ್ತದೆ. ಅಡಿಕೆ ಮಂಡಿಯ ಕತೆಯಾದರೆ ರಾಶಿ, ಬೆಟ್ಟೆ, ಗೊರಬಲು, ಸರಕು ಎಂಬ ತರಗಳ ವ್ಯತ್ಯಾಸ ಗೊತ್ತಿಲ್ಲದೆ ಜಗಳದ ಸನ್ನಿವೇಶ ಬರೆಯಲಾಗದು. ಅಜ್ಜಂಪುರದ ಅಮೃತಮಹಲ್ ತಳಿಯ ದನಗಳ ಬಗ್ಗೆ ಬರೆಯುವವರು ಕಾವಲಿನಲ್ಲಿ ದನ ಮೇಯಿಸಿದವರ ಹತ್ತಿರ ಮೊದಲು ಕೂರಬೇಕು. ಇಲ್ಲಿ ತೋರಿಸುವುದು ಕರಡನ್ನಲ್ಲ, ಪ್ರಶ್ನೆಗಳನ್ನು. ರಹಮತ್ ತರೀಕೆರೆಯವರ ‘ಕರ್ನಾಟಕದ ಸೂಫಿಗಳು’ ಮಾದರಿಯ ಪುಸ್ತಕಗಳಿಗೆ ಬಲ ಬಂದಿರುವುದೇ ದರ್ಗಾ, ಮಠ, ಹಾಡುಗಾರರ ಮನೆಗಳಲ್ಲಿ ಕೂತು ಕೇಳಿದ್ದರಿಂದ. ಕೇಳಿಸಿಕೊಂಡ ಕೆಲಸ ಪುಟಪುಟದಲ್ಲೂ ಕಾಣುತ್ತದೆ.

ದಿಕ್ಕು ಸಿಕ್ಕಿತು, ವಿವರ ಗಟ್ಟಿಯಾಯಿತು, ಮೊದಲ ಕರಡು ಮುಗಿಯಿತು, ಬರೆದವರೇ ಒಮ್ಮೆ ಕೂತು ತಿದ್ದಿಯೂ ಆಯಿತು. ತಮಗೆ ಕಾಣುವ ತಪ್ಪುಗಳನ್ನೆಲ್ಲ ತೆಗೆದ ಮೇಲೂ ಎಲ್ಲೋ ಏನೋ ಸರಿಯಿಲ್ಲ ಅನ್ನಿಸುತ್ತದೆ, ಎಲ್ಲಿ ಎಂದು ಬೆರಳಿಡಲು ಆಗುವುದಿಲ್ಲ. ಹಸ್ತಪ್ರತಿಯನ್ನು ಇನ್ನೊಬ್ಬರ ಕೈಗೆ ಕೊಡುವ ಸರಿಯಾದ ಹೊತ್ತು ಇದು. ತಾನೇ ತಿದ್ದಬಹುದಾದ ತಪ್ಪುಗಳಿರುವ ಪ್ರತಿಯನ್ನು ಕೊಟ್ಟರೆ ಓದುಗರ ಗಮನವೆಲ್ಲ ಅವುಗಳ ಮೇಲೆಯೇ ಖರ್ಚಾಗುತ್ತದೆ. ಒಬ್ಬರು ಒಂದು ಬರಹವನ್ನು ಹೊಸ ಕಣ್ಣಿನಿಂದ ಓದಬಹುದಾದದ್ದು ಒಂದೇ ಸಲ. ಎರಡನೇ ಸಲಕ್ಕೆ ಅವರಿಗೆ ಕತೆಯ ಕೊನೆ ಗೊತ್ತಿರುತ್ತದೆ.

ಕೊಟ್ಟ ಮೇಲೆ ಕೇಳುವುದೇನು? ‘ಹೇಗಿದೆ ಸಾರ್?’ ಎಂದರೆ ‘ಚೆನ್ನಾಗಿ ಬಂದಿದೆ’ ಎನ್ನುವುದನ್ನು ಬಿಟ್ಟು ಬೇರೆ ಉತ್ತರ ನಮ್ಮ ಊರುಗಳಲ್ಲಿ ಸಿಗುವುದು ಕಷ್ಟ. ಎದುರಿಗಿದ್ದವರ ಮನಸ್ಸು ನೋಯಿಸಬಾರದೆಂಬ ಮರ್ಯಾದೆ ಅದು. ಹಾಗಾಗಿ ಪ್ರಶ್ನೆ ಬದಲಾಗಬೇಕು. ಒಂದೇ ಮಾತು ಒಬ್ಬೊಬ್ಬರಿಗೆ ಒಂದೊಂದಾಗಿ ಕೇಳುತ್ತದೆ. ಬೀರೂರಿನಲ್ಲಿ ದಸರೆಯ ಹೊತ್ತಿಗೆ ಮೈಲಾರಲಿಂಗಸ್ವಾಮಿಯ ಕಾರ್ಣಿಕ, ಅಂದರೆ ಭವಿಷ್ಯವಾಣಿ, ನಡೆಯುತ್ತದೆ. ನೆರೆದ ಜನರ ನಡುವೆ ಗೊರವಯ್ಯ ನುಡಿಯುವುದು ಚಿಕ್ಕ ಮಾತು. ಮರುಕ್ಷಣದಿಂದಲೇ ಅದಕ್ಕೆ ಅರ್ಥ ಹೇಳುವ ಕೆಲಸ ಶುರು. ರೈತರಿಗೆ ಅದು ಮಳೆಯ ಮಾತು, ವ್ಯಾಪಾರಿಗೆ ಬೆಲೆಯ ಮಾತು, ರಾಜಕೀಯದವರಿಗೆ ಸರ್ಕಾರದ ಮಾತು. ಮರುದಿನದ ಪತ್ರಿಕೆಗಳಲ್ಲೂ ವ್ಯಾಖ್ಯಾನ ಬರುತ್ತದೆ. ಕಾರ್ಣಿಕಕ್ಕೆ ಆ ಬಹ್ವರ್ಥವೇ ಶಕ್ತಿ. ಕತೆ, ಲೇಖನ ಬರೆದವರಿಗೆ ಮಾತ್ರ ತಮ್ಮ ಮಾತು ಎದುರಿನವರ ಮನಸ್ಸಿನಲ್ಲಿ ಏನಾಗಿ ಇಳಿಯಿತು ಎಂಬುದು ಗೊತ್ತಾಗಬೇಕು. ‘ಕತೆಯಲ್ಲಿ ಏನಾಯಿತು, ನಿಮ್ಮ ಮಾತಿನಲ್ಲಿ ಹೇಳಿ’, ‘ಎಲ್ಲಿ ಓದು ನಿಂತಿತು?’, ‘ಯಾರ ಮೇಲೆ ಸಿಟ್ಟು ಬಂತು?’ ಎಂದು ಕೇಳಿದರೆ ಯಾವ ಮರ್ಯಾದೆಗೂ ಭಂಗವಿಲ್ಲದೆ ನಿಜ ಹೊರಬರುತ್ತದೆ. ಅಮ್ಮನ ಪಾತ್ರವನ್ನು ತ್ಯಾಗಮಯಿ ಎಂದು ಬರೆದಿರುತ್ತೀರಿ, ಓದಿದ ಅಕ್ಕ ‘ಆ ಹೆಂಗಸಿಗೆ ಎಷ್ಟು ಹಟ!’ ಎನ್ನುತ್ತಾರೆ. ಅಷ್ಟು ಸಾಕು, ಎಲ್ಲಿ ತಿದ್ದಬೇಕೆಂದು ಗೊತ್ತಾಯಿತು. ಅಥವಾ ಆ ಹಟವೇ ಕತೆಯ ಜೀವ ಎಂಬುದು ಮೊದಲ ಬಾರಿಗೆ ಹೊಳೆಯಿತು.

ಕೈಗೆ ಕೊಡುವುದಕ್ಕಿಂತ ಓದಿ ಕೇಳಿಸುವುದು ಇನ್ನೂ ಒಳ್ಳೆಯದು. ಲಕ್ಷ್ಮೀಶನ ಜೈಮಿನಿ ಭಾರತ ಮನೆಮಾತಾದದ್ದು ಹೀಗೆಯೇ. ವಾರ್ಧಕ ಷಟ್ಪದಿಯ ಆ ಕಾವ್ಯವನ್ನು ಗಮಕಿಗಳು ಹಾಡಿ, ಪಕ್ಕದಲ್ಲಿ ಕೂತವರು ಅರ್ಥ ಬಿಡಿಸುತ್ತಿದ್ದರು. ಅಕ್ಷರ ಬಾರದವರೂ ಎದುರು ಕೂತು ತಲೆದೂಗುತ್ತಿದ್ದರು, ಬೇಸರ ಬಂದರೆ ಎದ್ದು ಹೋಗುತ್ತಿದ್ದರು. ಗದ್ಯಕ್ಕೂ ಈ ಪರೀಕ್ಷೆ ಒಗ್ಗುತ್ತದೆ. ನಾಲಗೆ ತೊಡರಿದಲ್ಲಿ ವಾಕ್ಯ ತೊಡಕಾಗಿದೆ. ಕೇಳುವವರು ಕೂತಲ್ಲೇ ಮಿಸುಕಾಡಿದಲ್ಲಿ ವಿವರ ಉದ್ದವಾಗಿದೆ. ಪೆನ್ಸಿಲಿನಿಂದ ಅಂಚಿನಲ್ಲಿ ಒಂದು ಗೀಟು ಹಾಕಿ ಮುಂದೆ ಓದಬೇಕು, ಅಲ್ಲೇ ನಿಂತು ಸಮಜಾಯಿಷಿ ಹೇಳಬಾರದು. 1920ರ ದಶಕದಲ್ಲಿ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಬೆಳೆದ ‘ಗೆಳೆಯರ ಗುಂಪು’ ಬರೆಯುವವರಿಗೆ ಬರೆಯುವವರೇ ಒದಗಿದ ಬಳಗ. ಗೋಕಾಕ್, ಮುಗಳಿ, ಶಂಬಾ ಜೋಶಿ, ಬೆಟಗೇರಿ ಕೃಷ್ಣಶರ್ಮರಂಥವರು ಆ ಸ್ನೇಹದಲ್ಲಿ ಬೆಳೆದರು. ಗುಂಪು ಎಂದರೆ ಇಷ್ಟೇ: ನಂಬಿಕೆಯಿರುವ ನಾಲ್ಕು ಜನ, ಕೂರಲು ಒಂದು ಜಗುಲಿ.

ಬೇರೆಯವರ ಕೈ ಎಷ್ಟು ದೂರ ಹೋಗಬಹುದು ಎನ್ನುವುದಕ್ಕೆ ಹೊರಗಿನ ಸಾಹಿತ್ಯದಲ್ಲಿ ಚೆನ್ನಾಗಿ ದಾಖಲಾದ ಪ್ರಸಂಗಗಳಿವೆ. ಕವಿ ಟಿ.ಎಸ್. ಎಲಿಯಟ್ ತಮ್ಮ ‘ದಿ ವೇಸ್ಟ್ ಲ್ಯಾಂಡ್’ ಕರಡನ್ನು ಎಜ್ರಾ ಪೌಂಡ್‌ಗೆ ಕೊಟ್ಟರು. ಪೌಂಡ್ ಪುಟಗಟ್ಟಲೆ ಹೊಡೆದುಹಾಕಿದರು, ಕವಿತೆ ಹತ್ತಿರಹತ್ತಿರ ಅರ್ಧಕ್ಕೆ ಇಳಿಯಿತು. 1922ರಲ್ಲಿ ಅದು ಪ್ರಕಟವಾದದ್ದು ಆ ರೂಪದಲ್ಲಿ. ತಿದ್ದಿದ ಹಾಳೆಗಳು 1971ರಲ್ಲಿ ಪುಸ್ತಕವಾಗಿ ಬಂದವು, ಯಾರು ಬೇಕಾದರೂ ಹೋಲಿಸಿ ನೋಡಬಹುದು. ಕಾದಂಬರಿಗಾರ್ತಿ ಹಾರ್ಪರ್ ಲೀ 1957ರಲ್ಲಿ ಪ್ರಕಾಶಕರಿಗೆ ಕೊಟ್ಟದ್ದು ‘ಗೋ ಸೆಟ್ ಎ ವಾಚ್‌ಮನ್’. ಅದನ್ನು ಓದಿದ ಸಂಪಾದಕಿ ಟೇ ಹೋಹಾಫ್ ಜೊತೆ ಎರಡು ವರ್ಷಕ್ಕೂ ಹೆಚ್ಚು ಕಾಲ ಮತ್ತೆ ಮತ್ತೆ ಬರೆದ ಮೇಲೆ 1960ರಲ್ಲಿ ಬಂದದ್ದು ‘ಟು ಕಿಲ್ ಎ ಮಾಕಿಂಗ್‌ಬರ್ಡ್’. ಎಲಿಯಟ್, ಲೀ ಇಬ್ಬರೂ ಬರೆದದ್ದನ್ನು ಬಿಟ್ಟುಕೊಡಲು ಸಿದ್ಧವಿದ್ದ ಹಂತದಲ್ಲಿ ತೋರಿಸಿದ್ದರು.

ಆದರೆ ಕತೆಗಾರ ರೇಮಂಡ್ ಕಾರ್ವರ್ ಅವರ ಕತೆ ಬೇರೆ. ಅವರ 1981ರ ಸಂಕಲನದ ಹಲವು ಕತೆಗಳನ್ನು ಸಂಪಾದಕ ಗೊರ್ಡನ್ ಲಿಶ್ ಅರ್ಧಕ್ಕೂ ಹೆಚ್ಚು ಕತ್ತರಿಸಿದರು. ಪುಸ್ತಕವನ್ನು ನಿಲ್ಲಿಸಿ ಎಂದು ಕಾರ್ವರ್ 1980ರ ಜುಲೈನಲ್ಲಿ ಕಾಗದ ಬರೆದು ಬೇಡಿಕೊಂಡರು. ಪುಸ್ತಕ ನಿಲ್ಲಲಿಲ್ಲ, ಅವರಿಗೆ ದೊಡ್ಡ ಹೆಸರನ್ನೂ ತಂದಿತು. ಕತೆಗಳ ಮೂಲ ರೂಪ ‘ಬಿಗಿನರ್ಸ್’ ಎಂಬ ಹೆಸರಿನಲ್ಲಿ ಬಂದಾಗ ವರ್ಷ 2009, ಕಾರ್ವರ್ ತೀರಿಹೋಗಿ ಎರಡು ದಶಕ ಕಳೆದಿತ್ತು. ಹೆಸರು ಬಂತಲ್ಲ ಎಂದು ಸುಮ್ಮನಾಗುವ ಹಾಗಿಲ್ಲ. ಬರೆದವನಿಗೆ ಗುರುತು ಸಿಗದ ಹಾಗೆ ತಿದ್ದುವುದು ಸಹಾಯವಲ್ಲ. ‘ಇಲ್ಲಿ ನನಗೆ ಅರ್ಥವಾಗಲಿಲ್ಲ’ ಎಂದು ಓದುಗ ಹೇಳಿದರೆ ಒಪ್ಪಿಕೊಳ್ಳಬೇಕು. ‘ಇದರ ಬದಲು ಹೀಗೆ ಬರಿ’ ಎಂದರೆ ತೂಗಿ ನೋಡಬೇಕು. ತೊಂದರೆ ಎಲ್ಲಿದೆ ಎನ್ನುವುದರಲ್ಲಿ ಓದುಗರು ತಪ್ಪುವುದು ಅಪರೂಪ, ಪರಿಹಾರದಲ್ಲಿ ತಪ್ಪುವುದು ಮಾಮೂಲು.

ಹೇಳುವವರಿಗೂ ಒಂದು ಹೊಣೆಯಿದೆ. ಆನಂದರ ‘ನಾನು ಕೊಂದ ಹುಡುಗಿ’ ಕತೆಯಲ್ಲಿ ಹಳ್ಳಿಗೆ ಅತಿಥಿಯಾಗಿ ಬಂದ ನಿರೂಪಕ ಆ ಹುಡುಗಿಯ ಬದುಕಿನ ಒಳಗನ್ನು ಅರಿಯದೆ ತನಗೆ ಸರಿಕಂಡ ಮಾತನ್ನು ಸದುದ್ದೇಶದಿಂದಲೇ ಆಡುತ್ತಾನೆ. ಮುಂದಾಗುವುದು ಸಾವು. ಕತೆ ಬರಹದ ಕುರಿತಾದದ್ದಲ್ಲ, ನಿಜ. ಆದರೆ ಎದುರಿನವರು ಯಾವ ಸ್ಥಿತಿಯಲ್ಲಿದ್ದಾರೆ, ಏನು ಕೇಳುತ್ತಿದ್ದಾರೆ ಎಂದು ತಿಳಿಯದೆ ಆಡಿದ ಒಳ್ಳೆಯ ಮಾತು ಕೂಡ ಎಷ್ಟು ಕೆಡಿಸಬಹುದು ಎಂಬುದನ್ನು ಕನ್ನಡದಲ್ಲಿ ಅದಕ್ಕಿಂತ ತೀವ್ರವಾಗಿ ಹೇಳಿದ ಕತೆಗಳು ಕಡಿಮೆ. ಮೊದಲ ಕವಿತೆ ಹಿಡಿದು ಬಂದ ಪಿಯುಸಿ ಹುಡುಗಿಗೆ ಮೂರನೇ ಪುಸ್ತಕದ ಕವಿಗೆ ಹೇಳುವ ಮಾತನ್ನು ಹೇಳಬಾರದು.

ಕೊನೆಯ ಹಂತದ ಕೇಳಿಕೆಯೇ ಬೇರೆ, ಕಲ್ಲಿನ ಶಾಸನ ಅದಕ್ಕೆ ಒಳ್ಳೆಯ ಹೋಲಿಕೆ. ಅಮೃತಾಪುರದ ಅಮೃತೇಶ್ವರ ದೇವಾಲಯ 1196ರದು, ಎರಡನೇ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ್ದು. ಶಿಲ್ಪಿ ಮಲ್ಲಿತಮ್ಮನ ಹೆಸರು ಅಲ್ಲಿನ ಕಲ್ಲುಗಳಲ್ಲಿ ಸಿಗುತ್ತದೆ. ಅಲ್ಲಿನ ಶಾಸನವನ್ನು ಬಿ.ಎಲ್. ರೈಸ್ 1901ರಲ್ಲಿ, ಈ ಊರುಗಳಿರುವ ಜಿಲ್ಲೆ ಇನ್ನೂ ಕಡೂರು ಜಿಲ್ಲೆ ಎನಿಸಿಕೊಂಡಿದ್ದಾಗ, ಎಪಿಗ್ರಾಫಿಯ ಕರ್ನಾಟಿಕದ ಆರನೇ ಸಂಪುಟದಲ್ಲಿ ತರೀಕೆರೆ 45ನೇ ಶಾಸನವಾಗಿ ಪ್ರಕಟಿಸಿದರು. ತಾಳಗುಂದದ ಕಂಬದ ಶಾಸನದ ಕವಿ ಕುಬ್ಜನಂತೆ ತಾನೇ ರಚಿಸಿ ತಾನೇ ಕೆತ್ತಿದವರು ವಿರಳ. ಸಾಮಾನ್ಯವಾಗಿ ರಚಿಸುವವನು ಒಬ್ಬ, ಕಂಡರಿಸುವವನು ಇನ್ನೊಬ್ಬ. ಉಳಿ ಬಿದ್ದ ಮೇಲೆ ಬಿಟ್ಟುಹೋದ ಅಕ್ಷರವನ್ನು ಸಾಲಿನ ಕೆಳಗೋ ಮೇಲೋ ಚಿಕ್ಕದಾಗಿ ಸೇರಿಸಬಹುದು, ಪದ್ಯದ ಭಾವ ಬದಲಿಸಲಾಗದು. ಅಚ್ಚಿಗೆ ಹೋಗುವ ಮುನ್ನಿನ ಕರಡಚ್ಚೂ ಹಾಗೆ. ಆಗ ಬೇಕಾದವರು ಕಾಗುಣಿತ, ಅಲ್ಪಪ್ರಾಣ, ಮಹಾಪ್ರಾಣ, ಇಸವಿ, ಊರಿನ ಹೆಸರು ನೋಡುವ ಹದ್ದಿನ ಕಣ್ಣಿನವರು. ‘ನಾಯಕನನ್ನು ಸಾಯಿಸಬೇಕಿತ್ತೇ?’ ಎಂದು ಆಗ ಯಾರನ್ನೂ ಕೇಳಬಾರದು.

ಗಡುವಿಗೆ ಬರೆಯುವವರು ದಿನಗಳನ್ನು ಹಿಂದಿನಿಂದ ಎಣಿಸಿಕೊಂಡು ಬರಬೇಕು. ಕತೆ ಕಳಿಸಲು ತಿಂಗಳ 30 ಕೊನೆಯ ದಿನವಾದರೆ, 25ರಿಂದಾಚೆ ಕಾಗುಣಿತವಷ್ಟೇ. ಓದುಗರ ಮಾತು ಕೈಗೆ ಬಂದು ತಿದ್ದಲು ಒಂದು ವಾರವಾದರೂ ಬೇಕು, ಅಂದರೆ 18ರೊಳಗೆ ಅಭಿಪ್ರಾಯ ಸಿಗಬೇಕು. ಅವರಿಗೂ ಮನೆ, ಕೆಲಸ ಇರುವುದರಿಂದ 10ರ ಹೊತ್ತಿಗೆ ಪ್ರತಿ ಕೊಟ್ಟಿರಬೇಕು. ಮೊಬೈಲಿನಲ್ಲಿ ಓದಿಸುವುದಕ್ಕಿಂತ ಒಂದೇ ಮಗ್ಗುಲಿಗೆ ಮುದ್ರಿಸಿ, ಅಂಚು ಧಾರಾಳವಾಗಿ ಬಿಟ್ಟು, ಪುಟಸಂಖ್ಯೆ ಹಾಕಿ ಕೊಟ್ಟರೆ ಗುರುತು ಮಾಡುವುದು ಸಲೀಸು. ಇಬ್ಬರಿಗೆ ಕೊಟ್ಟರೆ ಸಾಕು. ಒಬ್ಬರು ಕತೆ ಓದುವ ಚಾಳಿಯಿರುವವರು, ಇನ್ನೊಬ್ಬರು ಆ ಕತೆಯ ಲೋಕದಲ್ಲಿ ಬದುಕಿದವರು. ಇಬ್ಬರೂ ಒಂದೇ ಜಾಗದಲ್ಲಿ ಗೀಟು ಹಾಕಿದ್ದರೆ ಅಲ್ಲಿ ಕೂರಲೇಬೇಕು. ಒಬ್ಬರು ಮೆಚ್ಚಿದ್ದನ್ನೇ ಇನ್ನೊಬ್ಬರು ಹೊಡೆದಿದ್ದರೆ ತೀರ್ಮಾನ ಬರೆದವರದು. ಐದಾರು ಜನಕ್ಕೆ ಕೊಟ್ಟು ಎಲ್ಲರನ್ನೂ ಮೆಚ್ಚಿಸಲು ಹೊರಟರೆ ಕತೆಗೆ ಯಾರ ಮುಖವೂ ಉಳಿಯುವುದಿಲ್ಲ.

ಅಚ್ಚಾದ ಮೇಲೂ ಮಾತು ಬರುತ್ತಲೇ ಇರುತ್ತದೆ, ಅದನ್ನು ತೆಗೆದಿಡುವ ಅಭ್ಯಾಸ ಒಳ್ಳೆಯದು. ಆರ್. ನರಸಿಂಹಾಚಾರ್ಯರು ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟವನ್ನು 1907ರಲ್ಲಿ ತಂದರು. ಎರಡನೆಯದು 1919ರಲ್ಲಿ ಬಂತು. ಮೂರನೆಯದು ಇನ್ನೂ ಬರುವ ಮುನ್ನವೇ, ಹೊಸದಾಗಿ ಸಿಕ್ಕ ಸಂಗತಿಗಳನ್ನು ಸೇರಿಸಿ ಮೊದಲ ಸಂಪುಟವನ್ನು ತಿದ್ದಿ 1924ರಲ್ಲಿ ಮತ್ತೆ ಪ್ರಕಟಿಸಿದರು. ಮೂರನೆಯದು ಹೊರಬಂದದ್ದು 1929ರಲ್ಲಿ. ವಾರಪತ್ರಿಕೆಯಲ್ಲಿ ಬಂದ ಕತೆ ನಾಲ್ಕು ವರ್ಷದ ಮೇಲೆ ಸಂಕಲನಕ್ಕೆ ಸೇರುವಾಗ ಅಂಥ ಅವಕಾಶ ಎಲ್ಲ ಕತೆಗಾರರಿಗೂ ಸಿಗುತ್ತದೆ. ಓದಿದವರು ಕಾಗದದಲ್ಲಿ, ಫೋನಿನಲ್ಲಿ, ಮದುವೆ ಮನೆಯಲ್ಲಿ ಸಿಕ್ಕಾಗ ಹೇಳಿದ್ದನ್ನು ಪತ್ರಿಕೆಯ ಆ ಪುಟದ ಅಂಚಿನಲ್ಲೇ ಬರೆದಿಟ್ಟುಕೊಂಡಿದ್ದರೆ, ಡಿಟಿಪಿಗೆ ಕೊಡುವ ಮುನ್ನ ಒಮ್ಮೆ ತೆರೆದು ನೋಡಬಹುದು.